ತಗಡು, ಕಲ್ಲು, ಕಡತ: ಜಟಿಲ ಪಿಯಾನೊ ಸಂಗೀತದ ಅಚ್ಚಿನ ಚರಿತ್ರೆ ಮತ್ತು ಮೈಸೂರಿನ ಒಂದು ಅರ್ಪಣೆ

ಜಯಚಾಮರಾಜೇಂದ್ರ ಒಡೆಯರ (1919–1974) ಸಂಗೀತಾಸಕ್ತಿಯ ಮಾತು ಬಂದಾಗ ಕನ್ನಡದಲ್ಲಿ ಸಾಮಾನ್ಯವಾಗಿ ನೆನಪಾಗುವುದು ‘ಶ್ರೀವಿದ್ಯಾ’ ಅಂಕಿತದ 94 ಕೃತಿಗಳು. ಅದರ ಜೊತೆಗೆ ರಷ್ಯದ ಸಂಯೋಜಕ ನಿಕೊಲಾಯ್ ಮೆಡ್ಟ್ನರ್‌ಗೆ ಅವರು ನೀಡಿದ ನೆರವಿನ ಪ್ರಸ್ತಾಪವೂ ಬರುತ್ತದೆ. ಮೆಡ್ಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು (ಓಪಸ್ 60) ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. ಅರಸರ ಔದಾರ್ಯದ ಕಥೆಯಾಗಿ ಇದನ್ನು ಬೇಕಾದಷ್ಟು ಹೇಳಿದ್ದಾಗಿದೆ. ಈ ಲೇಖನ ಕೇಳುವ ಪ್ರಶ್ನೆ ಬೇರೆ. ಎರಡು ಕೈಗಳ ಹತ್ತು ಬೆರಳೂ ಏಕಕಾಲಕ್ಕೆ ದುಡಿಯುವ, ನಾಲ್ಕೈದು ಎಳೆಗಳು ಒಂದರೊಳಗೊಂದು ಹೆಣೆದುಕೊಂಡ ಇಂಥ ಸಂಗೀತ ಕಾಗದದ ಮೇಲೆ ಓದುವಂತಾದದ್ದು ಹೇಗೆ? ಅದನ್ನು ಕೆತ್ತಿದವರ ಕೈ ಏನನ್ನು ತಿಳಿದಿತ್ತು? ಆ ಕೆಲಸ ಗಣಕದ ಪಾಲಾದಾಗ ಅದರಲ್ಲಿ ಎಷ್ಟು ಉಳಿಯಿತು?

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಸಂಗೀತ ಲಿಪಿಯ ಕೆತ್ತನೆ ಎರಡು ಬಗೆಯ ತಿಳಿವಳಿಕೆಯಿಂದ ನಡೆಯುತ್ತಿತ್ತು. ಒಂದು ನಿಯಮ, ಇನ್ನೊಂದು, ನಿಯಮ ಎಲ್ಲಿ ಸೋಲುತ್ತದೆ ಎಂಬ ಅರಿವು. ಕಳೆದ ಅರ್ಧ ಶತಮಾನದ ತಂತ್ರಾಂಶಗಳು ಮೊದಲನೆಯದನ್ನು ಬೆರಗಾಗುವಷ್ಟು ಚೆನ್ನಾಗಿ ಕಲಿತಿವೆ. ಎರಡನೆಯದು ಇಂದಿಗೂ ಮನುಷ್ಯನ ಕಣ್ಣಿನದೇ. ಪಿಯಾನೊ ಸಂಗೀತದಷ್ಟು ಸ್ಪಷ್ಟವಾಗಿ ಇದನ್ನು ತೋರಿಸುವ ಕ್ಷೇತ್ರ ಮತ್ತೊಂದಿಲ್ಲ.

ಅರ್ಪಣೆಯ ಹಿನ್ನೆಲೆ

ಮೆಡ್ಟ್ನರ್ ಹುಟ್ಟಿದ್ದು ಮಾಸ್ಕೋದಲ್ಲಿ, 1880ರ ಜನವರಿಯಲ್ಲಿ. ಮೂರು ಕಾನ್ಸರ್ಟೊ, ಹದಿನಾಲ್ಕು ಪಿಯಾನೊ ಸೊನಾಟಾ, ‘ಸ್ಕಾಜ್ಕಿ’ ಎಂಬ ಹೆಸರಿನ ಮೂವತ್ತಕ್ಕೂ ಹೆಚ್ಚು ಚಿಕ್ಕ ರಚನೆಗಳು, ನೂರಕ್ಕೂ ಹೆಚ್ಚು ಹಾಡುಗಳು ಅವನ ಜೀವಮಾನದ ದುಡಿಮೆ. ಅವನ ಒಂದೊಂದು ಕೃತಿಯಲ್ಲೂ ಪಿಯಾನೊ ಇದೆ. ಕ್ರಾಂತಿಯ ನಂತರ ದೇಶ ಬಿಟ್ಟು ಜರ್ಮನಿ, ಫ್ರಾನ್ಸ್ ಸುತ್ತಿ 1930ರ ದಶಕದ ನಡುವೆ ಲಂಡನ್ನಿನಲ್ಲಿ ನೆಲೆಸಿದ. ಮುಖ್ಯ ಪ್ರಕಾಶಕ ಲೈಪ್‌ಜಿಗ್‌ನ ಜಿಮ್ಮರ್‌ಮನ್. ಎರಡನೆಯ ಮಹಾಯುದ್ಧ ಶುರುವಾದೊಡನೆ ಜರ್ಮನಿಯಿಂದ ಬರುತ್ತಿದ್ದ ಹಣ ನಿಂತಿತು. ಮೂರನೆಯ ಕಾನ್ಸರ್ಟೊ ಬರೆದದ್ದು ಆ ಕಷ್ಟದ ವರ್ಷಗಳಲ್ಲೇ, 1940ರಿಂದ 1943ರ ನಡುವೆ; 1944ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ಅದನ್ನು ತಾನೇ ನುಡಿಸಿದ.

ಮೈಸೂರಿನ ನೆರವು ಬಂದದ್ದು ಯುದ್ಧ ಮುಗಿದ ಮೇಲೆ. ಅಂದರೆ ಕೃತಿ ಮೊದಲು, ಅರ್ಪಣೆ ಆಮೇಲೆ. ಮಹಾರಾಜರು ಸ್ವತಃ ಪಿಯಾನೊ ವಾದಕರು, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್. ಟ್ರಿನಿಟಿ ಕಾಲೇಜು 1945ರಲ್ಲಿ ಅವರಿಗೆ ಗೌರವ ಫೆಲೊ ಪದವಿ ನೀಡಿತ್ತು. ತಾವು ಬಲ್ಲ, ಆದರೆ ಧ್ವನಿಮುದ್ರಿಕೆಗಳಲ್ಲಿ ಸಿಗದ ಸಂಗೀತವನ್ನು ಲೋಕಕ್ಕೆ ಕೇಳಿಸಬೇಕೆಂದು ಅವರು ಮೆಡ್ಟ್ನರ್ ಸೊಸೈಟಿಗೆ ಹಣ ಒದಗಿಸಿದರು. ಎಚ್‌ಎಂವಿ ಮೂರು ಸಂಪುಟಗಳಲ್ಲಿ ಧ್ವನಿಮುದ್ರಿಕೆ ತಂದಿತು. ಮೂರೂ ಕಾನ್ಸರ್ಟೊಗಳನ್ನು 1947ರಲ್ಲಿ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾದೊಡನೆ ಸಂಯೋಜಕನೇ ನುಡಿಸಿದ. ಅವನ ಆರೋಗ್ಯ ಆಗಲೇ ಕುಸಿದಿತ್ತು. 1951ರ ನವೆಂಬರ್ 13ರಂದು ತೀರಿಕೊಂಡ. ಇದೇ ಮಹಾರಾಜರ ಹಣದ ಭರವಸೆಯಿಂದಲೇ ರಿಚರ್ಡ್ ಸ್ಟ್ರಾಸ್‌ನ ‘ನಾಲ್ಕು ಕೊನೆಯ ಗೀತೆಗಳು’ 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿ ಕೇಳಿಬಂದವು.

ನಮ್ಮ ಬೀದರ ಜಿಲ್ಲೆಯವರಿಗೆ ಇದೆಲ್ಲ ದೂರದ ಕಥೆಯಂತೆ ಕಾಣಬಹುದು. 1947ರಲ್ಲಿ ಇಲ್ಲಿನ ಔರಾದ, ಚಿಂತಾಕಿ, ಭಾಲ್ಕಿ ಎಲ್ಲವೂ ನಿಜಾಮನ ಆಡಳಿತದಲ್ಲಿದ್ದವು. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ವಿಶಾಲ ಮೈಸೂರು ರಾಜ್ಯ ಸೇರಿದಾಗ ಆ ರಾಜ್ಯದ ರಾಜ್ಯಪಾಲರಾಗಿದ್ದವರು ಇದೇ ಜಯಚಾಮರಾಜೇಂದ್ರ ಒಡೆಯರು. ಮೆಡ್ಟ್ನರ್ ಕಾನ್ಸರ್ಟೊ ಯಾರ ಹೆಸರಿಗೆ ಅರ್ಪಿತವೋ ಅವರು ಎಂಟು ವರ್ಷ, 1964ರವರೆಗೆ, ನಮ್ಮ ಗಡಿಯ ಹಳ್ಳಿಗಳಿಗೂ ರಾಜ್ಯಪಾಲರಾಗಿದ್ದರು.

ಮೈಸೂರಿನ ಹಣ ಧ್ವನಿಗೆ ಹೋಯಿತು. ಅದು ಸರಿಯಾದ ಆಯ್ಕೆಯೇ: ಸಂಯೋಜಕನ ಬೆರಳು ಇನ್ನೂ ಆಡುತ್ತಿದ್ದ ಕೊನೆಯ ಕಾಲ ಅದು. ಆದರೆ ಇಷ್ಟು ಜಟಿಲವಾದ ಸಂಗೀತ ಮುದ್ರಿಕೆ ಕೇಳಿ ಕಲಿಯುವಂಥದ್ದಲ್ಲ. ನಮ್ಮಲ್ಲಿ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಚೀಜು ಹೋಗುತ್ತದೆ. ಅಲ್ಲಿ ಮುಂದಿನ ವಾದಕನಿಗೆ ಪುಟವೇ ಗುರು. ಮೆಡ್ಟ್ನರ್‌ನ ಪುಟಗಳೋ ಮಾಸ್ಕೋದ ಯುರ್ಗೆನ್ಸನ್, ಕುಸೆವಿಟ್ಸ್‌ಕಿ ಸ್ಥಾಪಿಸಿದ ರಷ್ಯನ್ ಸಂಗೀತ ಪ್ರಕಾಶನ, ಜಿಮ್ಮರ್‌ಮನ್ ಹೀಗೆ ಚದುರಿಹೋಗಿದ್ದವು. ಎಲ್ಲ ಒಂದೆಡೆ ಸೇರಿದ್ದು ಅವನು ತೀರಿಕೊಂಡ ಮೇಲೆ, ಮಾಸ್ಕೋದಲ್ಲಿ 1959ರಿಂದ 1963ರವರೆಗೆ ಬಂದ ಹನ್ನೆರಡು ಸಂಪುಟಗಳಲ್ಲಿ. ಆ ಸಂಪುಟಗಳ ಸೊನಾಟಾಗಳನ್ನು ಅಮೆರಿಕದ ಡೋವರ್ ಸಂಸ್ಥೆ 1998ರಲ್ಲಿ ಅಗ್ಗದ ಬೆಲೆಗೆ ಮರುಮುದ್ರಿಸಿದ ಮೇಲೆಯೇ ಸಾಮಾನ್ಯ ವಿದ್ಯಾರ್ಥಿಯ ಕೈಗೆ ಅವು ಸುಲಭವಾಗಿ ಸಿಗತೊಡಗಿದವು.

ತಗಡಿನ ಕೆಲಸ

ವೆನಿಸ್‌ನ ಪೆಟ್ರುಚ್ಚಿ 1501ರಲ್ಲಿ ಅಚ್ಚುಮೊಳೆಗಳಿಂದ ಸಂಗೀತ ಮುದ್ರಿಸಿದ. ಒಂದೇ ಹಾಳೆಯನ್ನು ಹಲವು ಸಲ ಅಚ್ಚಿಗೆ ಕೊಟ್ಟು, ಗೆರೆ ಬೇರೆ ಸ್ವರ ಬೇರೆ ಮೂಡಿಸಿದ. ಒಂದೇ ದನಿಯ ಹಾಡಿಗೆ ಮೊಳೆಯ ಅಚ್ಚು ಸಾಕಿತ್ತು. ಕೀಲಿಮಣೆಯ ವಾದ್ಯಕ್ಕೆ ಸಾಲದಾಯಿತು. ಒಂದೇ ಕಡ್ಡಿಗೆ ನಾಲ್ಕು ಸ್ವರ ತೂಗಬೇಕು, ಪಕ್ಕದಲ್ಲೇ ಇನ್ನೊಂದು ಎಳೆ ಬೇರೆ ಲಯದಲ್ಲಿ ಓಡಬೇಕು ಎಂದಾಗ ಮೊಳೆಗಳು ಒಂದನ್ನೊಂದು ತಡೆಯುತ್ತವೆ. ಅದಕ್ಕಾಗಿಯೇ ರೋಮ್‌ನಲ್ಲಿ ವೆರೋವಿಯೊ 1586ರಲ್ಲಿ ತಾಮ್ರದ ತಗಡಿನ ಮೇಲೆ ಸಂಗೀತ ಕೆತ್ತಿಸಿದ. ಲೈಪ್‌ಜಿಗ್‌ನ ಬ್ರೈಟ್‌ಕಾಫ್ 1750ರ ದಶಕದಲ್ಲಿ ಅಚ್ಚುಮೊಳೆಯನ್ನು ಚೂರುಚೂರಾಗಿ ಒಡೆದು, ಸ್ವರದ ತಲೆ ಬೇರೆ, ಕಡ್ಡಿ ಬೇರೆ, ಗೆರೆ ಬೇರೆ ಮಾಡಿ ಜೋಡಿಸುವ ಹಾದಿ ಹಿಡಿದ. ಜಾಣತನದ ಕೆಲಸ, ಆದರೂ ಪಿಯಾನೊದ ಮಟ್ಟಿಗೆ ಗೆದ್ದದ್ದು ತಗಡೇ.

ತಾಮ್ರದ ಜಾಗಕ್ಕೆ ತವರ ಮತ್ತು ಸೀಸ ಬೆರೆಸಿದ ಮೆತ್ತನೆಯ ಲೋಹ ಬಂದ ಮೇಲೆ ಕೆತ್ತನೆಗಾರನ ಕೆಲಸಕ್ಕೆ ಒಂದು ಸ್ಥಿರ ಕ್ರಮ ಬಂತು. ಮೊದಲು ಹಸ್ತಪ್ರತಿಯನ್ನು ಓದಿ ಒಂದು ಸಾಲಿಗೆ ಎಷ್ಟು ಬಾರ್, ಒಂದು ಪುಟಕ್ಕೆ ಎಷ್ಟು ಸಾಲು ಎಂದು ಲೆಕ್ಕ ಹಾಕುವುದು. ಐದು ಹಲ್ಲಿನ ಉಪಕರಣದಿಂದ ಐದು ಗೆರೆಗಳನ್ನು ಒಂದೇ ಎಳೆತಕ್ಕೆ ಎಳೆಯುವುದು. ಬಳಿಕ ಮೊನಚು ಕಡ್ಡಿಯಿಂದ ಪ್ರತಿ ಸ್ವರದ ಜಾಗವನ್ನು ತೆಳುವಾಗಿ ಗೀಚಿಕೊಳ್ಳುವುದು. ಎಲ್ಲವೂ ಕನ್ನಡಿಯೊಳಗಿನ ಬಿಂಬದ ಹಾಗೆ, ಬಲದಿಂದ ಎಡಕ್ಕೆ. ಸ್ವರದ ತಲೆ, ಕ್ಲೆಫ್, ಶಾರ್ಪ್, ಫ್ಲಾಟ್‌ಗಳನ್ನು ಉಕ್ಕಿನ ಅಚ್ಚಿನಿಂದ ಸುತ್ತಿಗೆಯೇಟು ಕೊಟ್ಟು ಮೂಡಿಸುತ್ತಿದ್ದರು. ಕಡ್ಡಿ, ಅಡ್ಡಪಟ್ಟಿ, ಕಮಾನುಗೆರೆಗಳನ್ನು ಉಳಿಯಿಂದ ಕೊರೆಯುತ್ತಿದ್ದರು. ತಪ್ಪಾದರೆ ತಗಡನ್ನು ತಿರುವಿ, ಆ ಜಾಗವನ್ನು ಕೈವಾರದಿಂದ ಗುರುತಿಸಿ, ಹಿಂದಿನಿಂದ ಬಡಿದು ಉಬ್ಬಿಸಿ, ಮುಂದೆ ಉಜ್ಜಿ ಸಮ ಮಾಡಿ ಮತ್ತೆ ಅಚ್ಚು ಹೊಡೆಯಬೇಕು. ದಟ್ಟವಾದ ಪಿಯಾನೊ ಪುಟವೊಂದಕ್ಕೆ ನುರಿತ ಕೈಗೂ ಒಂದು ದಿನ ಸಾಲುತ್ತಿರಲಿಲ್ಲ.

ಬೀದರಿನ ಓದುಗರಿಗೆ ಈ ಕೆಲಸ ಅಪರಿಚಿತವಲ್ಲ. ಬಿದರಿ ಕುಶಲಕರ್ಮಿ ಸತು ಮತ್ತು ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯನ್ನು ನಯ ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಅದರ ಮೇಲೆ ಬರಿಗೈಯಲ್ಲಿ ಬಳ್ಳಿ ಬರೆದು, ಉಕ್ಕಿನ ಕಲಮಿನಿಂದ ಕೊರೆಯುತ್ತಾನೆ. ಅಲ್ಲಿ ಕೊರೆದ ತೋಡಿಗೆ ಬೆಳ್ಳಿ ತುಂಬುತ್ತದೆ, ಲೈಪ್‌ಜಿಗ್‌ನಲ್ಲಿ ಮಸಿ ತುಂಬುತ್ತಿತ್ತು. ಎರಡರಲ್ಲೂ ಗೆರೆಯ ಆಳ, ದಪ್ಪ, ಎರಡು ಗೆರೆಗಳ ನಡುವಿನ ಖಾಲಿ ಜಾಗ ಕೈಯ ನಿರ್ಧಾರ. ಬಿದರಿ ಇಂದೂ ಬದುಕಿದೆ; 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆಯಿತು, 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಸಂಗೀತದ ತಗಡು ಕೆತ್ತನೆಗೆ ಆ ಭಾಗ್ಯವಿರಲಿಲ್ಲ. ಜರ್ಮನಿಯ ಕೆಲವೇ ಪ್ರಕಾಶಕರಲ್ಲಿ ಇಪ್ಪತ್ತನೆಯ ಶತಮಾನದ ಕೊನೆಯವರೆಗೆ ಉಳಿದು, ಆಮೇಲೆ ವೃತ್ತಿಯಾಗಿ ಮುಗಿಯಿತು.

ಕಲ್ಲಚ್ಚಿನ ಪ್ರಸಂಗ

ತಗಡಿನಿಂದ ನೇರ ಮುದ್ರಿಸಿದರೆ ಮೆತ್ತನೆಯ ಲೋಹ ಬೇಗ ಸವೆಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ತಗಡಿನ ಒಂದು ಪ್ರತಿ ತೆಗೆದು ಅದನ್ನು ಕಲ್ಲಿಗೆ ಇಳಿಸಿ, ಕಲ್ಲಿನಿಂದ ಸಾವಿರಾರು ಪ್ರತಿ ಅಚ್ಚು ಮಾಡುವ ಪದ್ಧತಿ ಬಂತು. 1846ರಲ್ಲಿ ಲೈಪ್‌ಜಿಗ್‌ನಲ್ಲಿ ಶುರುವಾದ ರೋಡರ್ ಕಾರ್ಖಾನೆ ಈ ಹಾದಿಯಲ್ಲೇ ಬೆಳೆದು, ಯುರೋಪಿನ ನೂರಾರು ಪ್ರಕಾಶಕರಿಗೆ ಕೆತ್ತಿ ಅಚ್ಚು ಹಾಕಿ ಕೊಡುವ ಸಂಸ್ಥೆಯಾಯಿತು.

ಕಲ್ಲಚ್ಚನ್ನು ಕಂಡುಹಿಡಿದ ಬವೇರಿಯಾದ ಸೆನೆಫೆಲ್ಡರ್ ತನ್ನ ಹೊಸ ವಿದ್ಯೆಯನ್ನು 1796ರಲ್ಲಿ ಮೊದಲು ಬಳಸಿದ್ದೇ ಸಂಗೀತ ಮುದ್ರಣಕ್ಕೆ, ಗ್ಲೈಸ್ನರ್ ಎಂಬ ಸಂಯೋಜಕನ ಹಾಡುಗಳಿಗೆ. ಅದೇ ವಿದ್ಯೆ ಬಾಸೆಲ್ ಮಿಶನ್ ಮೂಲಕ 1841ರಲ್ಲಿ ಮಂಗಳೂರು ತಲುಪಿತು. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರಡಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದೇ. ಸಂಗೀತಕ್ಕೆ ಮೊದಲು ಬಳಕೆಯಾದ ತಂತ್ರ ಕನ್ನಡದ ಮೊದಲ ಪತ್ರಿಕೆಗೆ ಒದಗಿತು. ಇದು ಆಕಸ್ಮಿಕವಲ್ಲ. ಎರಡು ಲಿಪಿಗೂ ಇದ್ದ ಕಷ್ಟ ಒಂದೇ: ಅಕ್ಷರದ ಮೇಲೆ, ಕೆಳಗೆ, ಬಗಲಲ್ಲಿ ಏನಾದರೂ ಸೇರಿಕೊಳ್ಳುವ ಬರಹವನ್ನು ಚೌಕದ ಮೊಳೆಗಳಲ್ಲಿ ಹಿಡಿಯುವುದು ಕಠಿಣ. ಒತ್ತಕ್ಷರ, ದೀರ್ಘ, ವಟ್ರಸುಳಿಗಳಿಗೆ ಕಲ್ಲಿನ ಮೇಲೆ ಕೈಬರಹ ಕೊಟ್ಟ ಸ್ವಾತಂತ್ರ್ಯವನ್ನೇ ಸಂಗೀತ ಲಿಪಿಗೆ ತಗಡು ಕೊಟ್ಟಿತ್ತು.

1943ರ ಡಿಸೆಂಬರ್ 4ರ ಬಾಂಬ್ ದಾಳಿಯಲ್ಲಿ ಲೈಪ್‌ಜಿಗ್‌ನ ಮುದ್ರಕರ ಬಡಾವಣೆಯ ಬಹುಭಾಗ ಸುಟ್ಟುಹೋಯಿತು. ಮೆಡ್ಟ್ನರ್ ತನ್ನ ಮೂರನೆಯ ಕಾನ್ಸರ್ಟೊ ಮುಗಿಸಿದ ವರ್ಷವೂ ಅದೇ.

ಭಾರತೀಯ ಸಂಗೀತವನ್ನು ಐದು ಗೆರೆಗೆ ತರುವ ಪ್ರಯತ್ನ ಅದಕ್ಕೆ ಅರ್ಧ ಶತಮಾನ ಮುಂಚೆಯೇ ಮದರಾಸಿನಲ್ಲಿ ನಡೆದಿತ್ತು. ಎ. ಎಂ. ಚಿನ್ನಸ್ವಾಮಿ ಮುದಲಿಯಾರ್ 1890ರ ದಶಕದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನು ಪಾಶ್ಚಾತ್ಯ ಲಿಪಿಯಲ್ಲಿ ಅಚ್ಚು ಹಾಕಿಸಿದರು. ಅವರ ಪ್ರೇರಣೆಯ ಫಲವಾಗಿಯೇ ಸುಬ್ಬರಾಮ ದೀಕ್ಷಿತರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ 1904ರಲ್ಲಿ ಎಟ್ಟಯಪುರದಿಂದ ಹೊರಬಂತು. ಅದರಲ್ಲಿ ಐದು ಗೆರೆ ಇಲ್ಲ. ತೆಲುಗು ಸ್ವರಾಕ್ಷರಗಳ ಮೇಲೆ ಗಮಕದ ಚಿಹ್ನೆಗಳಿವೆ. ನಮ್ಮ ಬೀದರ–ಕಲಬುರಗಿ ಭಾಗದಲ್ಲಿ ಬೇರೂರಿದ್ದು ಭಾತಖಂಡೆಯವರ ಸ್ವರಲಿಪಿ. ಪೇಟಿ ಕಲಿಯುವ ಹುಡುಗರು ವಹಿಯಲ್ಲಿ ಬರೆದುಕೊಳ್ಳುವುದು ಇಂದಿಗೂ ಅದನ್ನೇ. ಒಂದು ಕೈ ಭಾತೆಗೆ, ಒಂದು ಕೈ ಮನೆಗಳಿಗೆ ಮೀಸಲಾದ ಪೇಟಿಗೆ ಒಂದೇ ಸಾಲಿನ ಲಿಪಿ ಸಾಕು.

ಗಣಕದ ಪ್ರವೇಶ

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಲೆಲಂಡ್ ಸ್ಮಿತ್ 1970ರ ದಶಕದ ಆರಂಭದಲ್ಲಿ ಕಟ್ಟತೊಡಗಿದ ‘ಸ್ಕೋರ್’ ತಂತ್ರಾಂಶ ಸಂಗೀತದ ಪುಟವನ್ನು ಗಣಕದಲ್ಲಿ ಜೋಡಿಸುವ ಮೊದಲ ಗಟ್ಟಿ ಪ್ರಯತ್ನಗಳಲ್ಲಿ ಒಂದು. ಸ್ಮಿತ್ ಸ್ವತಃ ಸಂಯೋಜಕ. ಪುಟದ ಮೇಲಿನ ಪ್ರತಿಯೊಂದು ಗುರುತಿಗೂ ಒಂದು ಸಂಖ್ಯಾಪಟ್ಟಿ: ಯಾವ ಬಗೆಯದು, ಯಾವ ಸಾಲಿನದು, ಎಡದಿಂದ ಎಷ್ಟು ದೂರ, ಎಷ್ಟು ಎತ್ತರ. ಕೆತ್ತನೆಗಾರ ಉಳಿಯಿಂದ ನಿರ್ಧರಿಸುತ್ತಿದ್ದುದನ್ನು ಬಳಕೆದಾರ ಅಂಕಿಯಿಂದ ನಿರ್ಧರಿಸಬಹುದಿತ್ತು. ಅದಕ್ಕೇ ಯುರೋಪಿನ ಹಲವು ದೊಡ್ಡ ಪ್ರಕಾಶಕರು ಜಟಿಲ ಕೃತಿಗಳಿಗೆ ಬಹುಕಾಲ ಅದನ್ನೇ ನೆಚ್ಚಿಕೊಂಡರು. ಅದೇ ಆವರಣದಲ್ಲಿ, ತನ್ನ ಪುಸ್ತಕದ ಕರಡಚ್ಚು ಕೆಟ್ಟದಾಗಿ ಬಂದದ್ದನ್ನು ಕಂಡು ಗಣಕವಿಜ್ಞಾನಿ ಡೊನಾಲ್ಡ್ ಕ್ನೂತ್ ‘ಟೆಕ್’ ಎಂಬ ಪುಟಜೋಡಣೆಯ ತಂತ್ರಾಂಶ ಕಟ್ಟಲು ಹೊರಟಿದ್ದು 1977ರಲ್ಲಿ. ಇಡೀ ಪ್ಯಾರಾವನ್ನು ಒಟ್ಟಿಗೆ ನೋಡಿ ಸಾಲು ಮುರಿಯುವ ಆತನ ಪದ್ಧತಿ ಮುಂದೆ ಸಂಗೀತದ ಸಾಲಿಗೂ ಬಂತು.

ಆ ಬಳಿಕ ವೈಯಕ್ತಿಕ ಗಣಕದ ಯುಗ: 1988ರಲ್ಲಿ ಫಿನಾಲೆ, 1993ರಲ್ಲಿ ಫಿನ್ ಸೋದರರ ಸಿಬೆಲಿಯಸ್, 2016ರಲ್ಲಿ ಡೊರಿಕೊ, ಈ ನಡುವೆ ಉಚಿತವಾಗಿ ಸಿಗುವ ಮ್ಯೂಸ್‌ಸ್ಕೋರ್. ಇವುಗಳ ವ್ಯಾಪಾರದ ಚರಿತ್ರೆ ಈ ಲೇಖನದ ವಿಷಯವಲ್ಲ. ನನಗೆ ಮುಖ್ಯವಾದದ್ದು 1996ರಲ್ಲಿ ನೆದರ್‌ಲ್ಯಾಂಡ್ಸ್‌ನ ಹಾನ್-ವೆನ್ ನೀನ್‌ಹೌಸ್ ಮತ್ತು ಯಾನ್ ನ್ಯೂವನ್‌ಹೌಜನ್ ಆರಂಭಿಸಿದ ‘ಲಿಲಿಪಾಂಡ್’. ಇವರಿಬ್ಬರೂ ಕೇಳಿಕೊಂಡ ಪ್ರಶ್ನೆ ಸಂಶೋಧಕನದು: ಕೈಕೆತ್ತನೆಯ ಪುಟ ಗಣಕದ ಪುಟಕ್ಕಿಂತ ಯಾಕೆ ಸುಲಭವಾಗಿ ಓದಿಸಿಕೊಳ್ಳುತ್ತದೆ? ಬಾಖ್‌ನ ಚೆಲ್ಲೊ ಸ್ವೀಟ್‌ಗಳ ಬೇರನ್‌ರೈಟರ್ 1950ರ ಮುದ್ರಣವನ್ನು ಎದುರಿಗಿಟ್ಟುಕೊಂಡು, 2000ರ ಗಣಕ ಮುದ್ರಣದೊಡನೆ ಸಾಲುಸಾಲಾಗಿ ಹೋಲಿಸಿದರು. ಹಳೆಯ ಪುಟದಲ್ಲಿ ಗೆರೆ ದಪ್ಪ, ಸ್ವರದ ತಲೆ ತುಂಬಿಕೊಂಡಿದೆ. ಅಂತರ ಕಣ್ಣಿಗೆ ಸಮ, ಅಳತೆಪಟ್ಟಿಗೆ ಸಮವಲ್ಲ. ಕಡ್ಡಿ ಮೇಲ್ಮುಖವಾದ ಸ್ವರದ ಪಕ್ಕ ಕೆಳಮುಖ ಕಡ್ಡಿ ಬಂದರೆ ಕೆತ್ತನೆಗಾರ ಅವನ್ನು ತುಸು ಸರಿಸಿ ಕಣ್ಣಿನ ಭ್ರಮೆಯನ್ನು ತಿದ್ದುತ್ತಿದ್ದ. ಇವೆಲ್ಲ ಸಂಕೇತಭಾಷೆಗೆ ಇಳಿದವು. ಅಡ್ಡಪಟ್ಟಿಯ ಓಟವನ್ನು ಲಿಲಿಪಾಂಡ್ ಒಂದೇ ಸೂತ್ರದಿಂದ ತೀರ್ಮಾನಿಸುವುದಿಲ್ಲ. ಸಾಧ್ಯವಿರುವ ಹಲವು ಓಟಗಳನ್ನು ಊಹಿಸಿ, ಪ್ರತಿಯೊಂದಕ್ಕೂ ದೋಷಾಂಕ ಕೊಟ್ಟು, ಅತಿ ಕಡಿಮೆ ದೋಷದ್ದನ್ನು ಆರಿಸುತ್ತದೆ. ಪಟ್ಟಿಯ ತುದಿ ಗೆರೆಯ ಮೇಲೆ ಕೂರಬೇಕು, ಗೆರೆಯಿಂದ ತೂಗಬೇಕು, ಇಲ್ಲವೇ ಗೆರೆಯ ನಡುವೆ ಬರಬೇಕು. ಹಾಗಲ್ಲದೆ ಎಲ್ಲೋ ನಿಂತರೆ ಸಣ್ಣ ಬಿಳಿಯ ಮೂಲೆ ಉಳಿದು ಮಸಿ ತುಂಬಿಕೊಳ್ಳುತ್ತದೆ. ಈ ನಿಯಮ ತಗಡಿನ ಕಾಲದ್ದೇ.

ಐದಕ್ಕೆ ಮೂರು

ನಿಯಮ ಎಲ್ಲಿ ಸೋಲುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಮೆಡ್ಟ್ನರ್‌ನ ‘ರಾತ್ರಿಯ ಗಾಳಿ’ ಸೊನಾಟಾ (ಓಪಸ್ 25, ಸಂಖ್ಯೆ 2) 1911ರ ಹೊತ್ತಿಗೆ ಬರೆದದ್ದು, ರಾಖ್ಮನಿನಫ್‌ಗೆ ಅರ್ಪಿತ. ಅರ್ಧ ಗಂಟೆಯಷ್ಟು ದೀರ್ಘವಾದ ಅದರ ಮುಖ್ಯ ಭಾಗದ ತಾಳ 15/8. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಐದು ಎಣಿಕೆಯ ಆವರ್ತನ, ಪ್ರತಿ ಎಣಿಕೆಯೂ ತಿಶ್ರ ನಡೆ. ಕಿವಿಗೆ ಒಮ್ಮೆ ಹತ್ತಿದರೆ ಖಂಡ ಚಾಪು ಬಲ್ಲವರಿಗೆ ಅದು ಪರಕೀಯವೆನಿಸದು. ಪುಟದ ಮೇಲೆ ಮಾತ್ರ ಒಂದೊಂದು ಬಾರ್ ಕೂಡ ಅರ್ಧ ಸಾಲು ನುಂಗುತ್ತದೆ.

ಇಂಥ ಸಂಗೀತದಲ್ಲಿ ಬಲಗೈ ಐದು, ಎಡಗೈ ಮೂರು ನುಡಿಸುವ ಕಡೆಗಳು ಬರುತ್ತವೆ. ಒಂದು ಎಣಿಕೆಯನ್ನು ಹದಿನೈದು ಪಾಲು ಮಾಡಿದರೆ ಐದರ ಸ್ವರಗಳು 0, 3, 6, 9, 12ರಲ್ಲಿ ಬೀಳುತ್ತವೆ. ಮೂರರವು 0, 5, 10ರಲ್ಲಿ. ಒಟ್ಟು ಏಳು ನಿಲುಗಡೆ. ಅವುಗಳ ನಡುವಿನ ಅಂತರ ಕ್ರಮವಾಗಿ 3, 2, 1, 3, 1, 2, 3 ಪಾಲು. ಈ ಅಂತರಗಳನ್ನು ಕಾಲದ ಪ್ರಮಾಣದಲ್ಲೇ ಹಂಚಿದರೆ ಪುಟ ಹಿಡಿಸದು. ಆದ್ದರಿಂದ ಕೆತ್ತನೆಗಾರರ ನಿಯಮ: ಕಾಲಾವಧಿ ಇಮ್ಮಡಿಯಾದಾಗ ಜಾಗ ಇಮ್ಮಡಿಯಾಗಬೇಕಿಲ್ಲ, ಒಂದು ನಿಶ್ಚಿತ ಅಳತೆಯಷ್ಟು ಹೆಚ್ಚಿದರೆ ಸಾಕು. ತಂತ್ರಾಂಶ ಇದನ್ನು ಪಾಲಿಸುತ್ತದೆ. ಈಗ 5 ಮತ್ತು 6ನೆಯ ಪಾಲುಗಳನ್ನು ನೋಡಿ. ಒಂದೇ ಪಾಲಿನ ಅಂತರ. ಎಡಗೈಯ ಸ್ವರ ಮುಂದೆ, ಬಲಗೈಯದು ಅದರ ಬೆನ್ನಿಗೆ. ಬಲಗೈಯ ಆ ಸ್ವರಕ್ಕೊಂದು ಶಾರ್ಪ್ ಬಂದರೆ ಅದಕ್ಕೂ ಎಡಬದಿಯಲ್ಲಿ ಜಾಗ ಬೇಕು. ಎಡಗೈಯ ಎಳೆ ಮೇಲಿನ ಐದುಗೆರೆಗೆ ದಾಟಿ ಬಂದಿದ್ದರೆ ಶಾರ್ಪ್ ನೇರವಾಗಿ ಅದರ ತಲೆಗೆ ತಗಲುತ್ತದೆ.

ತಂತ್ರಾಂಶ ಆಗ ಮಾಡುವುದು ಒಂದೇ: ಆ ನಿಲುಗಡೆಯನ್ನು ಬಲಕ್ಕೆ ತಳ್ಳಿ ಜಾಗ ಮಾಡುವುದು. ಡಿಕ್ಕಿ ತಪ್ಪಿತು, ಆದರೆ ಐದು ಸ್ವರಗಳ ಸಮ ನಡಿಗೆ ಕಣ್ಣಿಗೆ ಕೆಟ್ಟಿತು. ಎರಡನೆಯ ಮತ್ತು ಮೂರನೆಯ ಸ್ವರದ ನಡುವೆ ನಿಂತು ಉಸಿರೆಳೆದಂತೆ ಕಾಣುತ್ತದೆ. ವಾದಕ ಹಾಗೆಯೇ ನುಡಿಸಿಬಿಡುವ ಅಪಾಯವೂ ಇದೆ. ಹಳೆಯ ಕೆತ್ತನೆಗಾರನ ಮುಂದೆ ಮೂರು ದಾರಿ ಇದ್ದವು. ಐದೂ ಸ್ವರಗಳನ್ನು ತುಸುತುಸುವೇ ಅಗಲಿಸಿ ಕೆಡುಕನ್ನು ಹಂಚಿಬಿಡುವುದು. ಎಡಗೈಯ ಸ್ವರವನ್ನು ಕೂದಲೆಳೆಯಷ್ಟು ಎಡಕ್ಕೆ ಸರಿಸುವುದು. ಇಲ್ಲವೇ ಆ ಎಳೆಯನ್ನು ಕೆಳಗಿನ ಐದುಗೆರೆಯಲ್ಲೇ ಉಳಿಸಿ ಹೆಚ್ಚುವರಿ ಗೆರೆಗಳ ಮೇಲೆ ಬರೆಯುವುದು. ಯಾವುದು ಸರಿ ಎಂಬುದು ಆ ಎಳೆ ರಾಗಧಾರೆಯೋ, ಬರಿಯ ಹಿನ್ನೆಲೆಯೋ ಎಂಬುದರ ಮೇಲೆ ನಿಂತಿದೆ. ಅದು ಸಂಗೀತದ ತೀರ್ಮಾನ, ಜಾಗದ ಲೆಕ್ಕದಿಂದ ಹೊರಡುವಂಥದ್ದಲ್ಲ. ಚಿಂತಾಕಿಯಲ್ಲಿ ಕುಳಿತು ಈ ಲೇಖನಕ್ಕಾಗಿ ಇಂಥ ಬಾರ್‌ಗಳನ್ನು ಲಿಲಿಪಾಂಡ್‌ನಲ್ಲಿ ಜೋಡಿಸಿದಾಗ ನಾನು ಕಂಡದ್ದು ಇದನ್ನೇ. ಸ್ವರಗಳನ್ನು ಒಪ್ಪಿಸಿದೊಡನೆ ಪುಟದ ಬಹುಪಾಲು ತಾನಾಗಿಯೇ ಚೆಂದವಾಗಿ ಬರುತ್ತದೆ. ಉಳಿದ ಅಲ್ಪ ಭಾಗಕ್ಕೆ ಬಹುಪಾಲು ಹೊತ್ತು ಹಿಡಿಯುತ್ತದೆ. ಎರಡು ಐದುಗೆರೆಗಳ ನಡುವೆ ಏರಿಳಿಯುವ ಅಡ್ಡಪಟ್ಟಿ, ಒಂದು ಕೈಯಿಂದ ಇನ್ನೊಂದಕ್ಕೆ ಹಾಯುವ ಕಮಾನುಗೆರೆ, ಒಳದನಿಯ ಕಡ್ಡಿ ಮೇಲೋ ಕೆಳಗೋ ಎಂಬ ಪ್ರಶ್ನೆ ಆ ಅಲ್ಪ ಭಾಗದಲ್ಲೇ ಇರುವಂಥವು.

ಸೊರಾಬ್ಜಿಯ ಹಸ್ತಪ್ರತಿಗಳು

ಮೆಡ್ಟ್ನರ್‌ನನ್ನು ಬಹಳ ಮೆಚ್ಚಿ ಬರೆದವರಲ್ಲಿ ಕೈಖುಸ್ರು ಶಾಪೂರ್ಜಿ ಸೊರಾಬ್ಜಿಯೂ (1892–1988) ಒಬ್ಬ. ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ತಂದೆ ಮುಂಬಯಿಯ ಪಾರ್ಸಿ ಎಂಜಿನಿಯರ್. 1930ರಲ್ಲಿ ಮುಗಿಸಿದ ‘ಓಪಸ್ ಕ್ಲಾವಿಚೆಂಬಲಿಸ್ಟಿಕಮ್’ ನುಡಿಸಲು ಸುಮಾರು ನಾಲ್ಕು ಗಂಟೆ ಬೇಕು. ಎರಡು ಐದುಗೆರೆ ಸಾಲದೆ ಮೂರು, ನಾಲ್ಕಕ್ಕೆ ಏರುತ್ತದೆ. ಲಂಡನ್ನಿನ ಕರ್ವೆನ್ ಸಂಸ್ಥೆ 1931ರಲ್ಲಿ ಅದನ್ನು 250ಕ್ಕೂ ಹೆಚ್ಚು ಪುಟಗಳಲ್ಲಿ ಹೊರತಂದಿತು. ಆ ಬಳಿಕ ಅವನು ಬರೆದದ್ದೆಲ್ಲ ಹಸ್ತಪ್ರತಿಯಲ್ಲೇ ಉಳಿಯಿತು. 1936ರಿಂದ 1976ರವರೆಗೆ ತನ್ನ ಅನುಮತಿಯಿಲ್ಲದೆ ಯಾರೂ ನುಡಿಸಬಾರದೆಂದು ಅವನು ಕಟ್ಟುಪಾಡು ಹಾಕಿದ್ದ.

ಮೈಸೂರಿನಂಥ ಆಶ್ರಯದಾತ ಅವನಿಗೆ ಸಿಕ್ಕಿರಲಿಲ್ಲ. ಅವನ ಸಾವಿರಾರು ಪುಟಗಳನ್ನು ಓದುವಂತೆ ಮಾಡಿದ್ದು ಗಣಕವೇ: 1980ರ ದಶಕದಿಂದೀಚೆಗೆ ಪಿಯಾನೊ ವಾದಕರು, ಸಂಗೀತಶಾಸ್ತ್ರಜ್ಞರು ಒಬ್ಬೊಬ್ಬರಾಗಿ ಹಸ್ತಪ್ರತಿ ಬಿಡಿಸಿ ತಂತ್ರಾಂಶದಲ್ಲಿ ಜೋಡಿಸಿದರು. ಯಾವ ಪ್ರಕಾಶಕನೂ ತಗಡಿನ ಖರ್ಚು ಹೊರಲಾರದ ಕೆಲಸವಿದು. ಈ ತಂತ್ರಾಂಶಗಳ ನಿಜವಾದ ಋಣ ಇಲ್ಲಿದೆ ಎಂದು ನನ್ನ ಭಾವನೆ. ವೇಗಕ್ಕಿಂತ ಇದು ದೊಡ್ಡದು.

ಐದುಗೆರೆಯ ಕೆಳಗೆ ಕನ್ನಡ

ಪಿಯಾನೊದ ಮೇಲೆ ಹಾಡು ಕೂರಿಸಿದಾಗ ಕನ್ನಡಕ್ಕೆ ತನ್ನದೇ ಆದ ತೊಡಕು ಎದುರಾಗುತ್ತದೆ. ಬೀದರ ಜಿಲ್ಲೆಯ ಮೆಥೋಡಿಸ್ಟ್ ಸಭೆಗಳಲ್ಲಿ ಹಾಡುವ ಕನ್ನಡ ಕೀರ್ತನೆಗಳ ಪುಸ್ತಕದಲ್ಲಿ ಸಾಮಾನ್ಯವಾಗಿ ಸಾಹಿತ್ಯವಷ್ಟೇ ಇರುತ್ತದೆ. ಧಾಟಿ ಜನರ ನೆನಪಿನಲ್ಲಿ. ಅದನ್ನು ಸ್ವರದೊಡನೆ ಅಚ್ಚು ಮಾಡಹೊರಟರೆ ಪ್ರತಿ ಸ್ವರದ ಕೆಳಗೆ ಯಾವ ತುಂಡು ಬರಬೇಕು? ‘ಕನ್ನಡ’ ಎಂಬುದನ್ನು ಉಚ್ಚಾರದ ಪ್ರಕಾರ ಮುರಿದರೆ ‘ಕನ್–ನ–ಡ’, ಲಿಪಿಯ ಪ್ರಕಾರ ಮುರಿದರೆ ‘ಕ–ನ್ನ–ಡ’. ನನ್ನ ಮಟ್ಟಿಗೆ ಎರಡನೆಯದೇ ಸರಿ. ಒತ್ತಕ್ಷರದ ಹಿಂದಿನದು ಗುರು ಎಂದು ನಮ್ಮ ಛಂದಸ್ಸು ಮೊದಲೇ ಹೇಳಿಬಿಟ್ಟಿದೆ. ‘ಕ’ದ ಕೆಳಗೆ ದೀರ್ಘ ಸ್ವರ ಬಂದಾಗ ಹಾಡುಗಾರ ‘ಕ’ವನ್ನೇ ಎಳೆದು, ಮುಂದಿನ ಸ್ವರಕ್ಕೆ ತಲುಪುವ ಹೊತ್ತಿಗೆ ‘ನ್’ ಮುಚ್ಚುತ್ತಾನೆ. ಲಿಪಿಯ ತುಂಡು ಬಾಯಿಯ ನಡೆಗೆ ಹೊಂದುತ್ತದೆ.

ಲಿಲಿಪಾಂಡ್ ಯೂನಿಕೋಡ್ ಒಪ್ಪುತ್ತದೆ, ಕನ್ನಡ ಅಕ್ಷರ ಜೋಡಣೆಯೂ ಸರಿಯಾಗಿ ಬರುತ್ತದೆ. ಉಳಿಯುವ ಕಷ್ಟ ಎತ್ತರದ್ದು. ಎರಡು ಚರಣಗಳನ್ನು ಒಂದರ ಕೆಳಗೊಂದು ಇಟ್ಟಾಗ ಮೇಲಿನದರ ಒತ್ತಕ್ಷರ ಕೆಳಗಿನದರ ತಲೆಕಟ್ಟಿಗೆ ತಾಗುತ್ತದೆ. ರೋಮನ್ ಅಕ್ಷರಕ್ಕೆ ಲೆಕ್ಕ ಹಾಕಿ ಇಟ್ಟ ಅಂತರವನ್ನು ಕೈಯಿಂದ ಹೆಚ್ಚಿಸಲೇಬೇಕು. ಹೆಚ್ಚಿಸಿದರೆ ಪಿಯಾನೊದ ಎರಡು ಐದುಗೆರೆ ಹಾಡಿನಿಂದ ದೂರ ಸರಿದು, ಪುಟಕ್ಕೆ ಒಂದು ಸಾಲು ಕಡಿಮೆಯಾಗುತ್ತದೆ.

ಕಡತದ ಆಯುಸ್ಸು

ತಗಡು ಕರಗಿಸಿದರೆ ಮಾತ್ರ ಹೋಗುತ್ತದೆ. ಗಣಕದ ಕಡತ ಅದನ್ನು ತೆರೆಯುವ ತಂತ್ರಾಂಶದೊಡನೆ ಹೋಗುತ್ತದೆ. 2024ರ ಆಗಸ್ಟ್‌ನಲ್ಲಿ ಫಿನಾಲೆಯ ಮಾಲೀಕರು ಇನ್ನು ಅದನ್ನು ಮುಂದುವರಿಸುವುದಿಲ್ಲ ಎಂದು ಪ್ರಕಟಿಸಿದರು. ಮೂವತ್ತೈದು ವರ್ಷಕ್ಕೂ ಮೇಲ್ಪಟ್ಟು ಜಗತ್ತು ಅದರಲ್ಲಿ ಬರೆದದ್ದನ್ನು ಬೇರೆಡೆಗೆ ಸಾಗಿಸಬೇಕಾಗಿದೆ. ಸಾಗಿಸಲು ಮ್ಯೂಸಿಕ್‌ಎಕ್ಸ್‌ಎಂಎಲ್ ಎಂಬ ಮಧ್ಯವರ್ತಿ ರೂಪ 2004ರಿಂದ ಇದೆ. ಅದು ಸ್ವರ, ಕಾಲ, ತಾಳಗಳನ್ನು ನಿಷ್ಠೆಯಿಂದ ದಾಟಿಸುತ್ತದೆ. ದಾಟುವಾಗ ಸೋರಿಹೋಗುವುದು, ಮೇಲೆ ಹೇಳಿದ ಶಾರ್ಪ್‌ಗಾಗಿ ಯಾರೋ ಕೂತು ಸರಿಸಿದ ಆ ಕೂದಲೆಳೆಯಂಥದ್ದು. ನಿಯಮ ಉಳಿಯುತ್ತದೆ, ವಿವೇಕ ಕಳೆದುಹೋಗುತ್ತದೆ.

ಮೆಡ್ಟ್ನರ್‌ನ ಕೃತಿಗಳ ಮೇಲಿನ ಹಕ್ಕು ಭಾರತದಲ್ಲಿ 2011ರ ಕೊನೆಗೆ ಮುಗಿದಿದೆ. ಲೇಖಕ ತೀರಿದ ಮರುವರ್ಷದಿಂದ ಅರವತ್ತು ವರ್ಷ ಎಂಬುದು ನಮ್ಮ ಕಾಯಿದೆ. ಮಹಾರಾಜರ ಕೃತಿಗಳಿಗೆ ಅದೇ ಲೆಕ್ಕ ಹಾಕಿದರೆ 2034ರ ಕೊನೆಯವರೆಗೆ ಕಾಯಬೇಕು. ಮೈಸೂರಿಗೆ ಅರ್ಪಿತವಾದ ಕಾನ್ಸರ್ಟೊವನ್ನು ಈಗ ಕರ್ನಾಟಕದ ಯಾವ ಊರಿನಲ್ಲಾದರೂ, ಯಾರಾದರೂ ಹೊಸದಾಗಿ ಜೋಡಿಸಬಹುದು. ಹಾಗೆ ಜೋಡಿಸುವವರಿಗೆ ಲಿಲಿಪಾಂಡ್‌ನಂಥ ಪಠ್ಯರೂಪದ ಕಡತವನ್ನೇ ನಾನು ಶಿಫಾರಸು ಮಾಡುತ್ತೇನೆ. ಅದರಲ್ಲಿ ಪ್ರತಿ ತಿದ್ದುಪಡಿಯೂ ಬರಹವಾಗಿ ಕಾಣುತ್ತದೆ. ಸಾಲಿನ ನಡುವೆ ಶೇಕಡಾ ಚಿಹ್ನೆ ಹಾಕಿ ಮುಂದೆ ಏನು ಬರೆದರೂ ತಂತ್ರಾಂಶ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಓದುವ ಮನುಷ್ಯನಿಗೆ ಮಾತ್ರ ಅದು ಉಳಿಯುತ್ತದೆ. ನನ್ನ ಕಡತದಲ್ಲಿ ಆ ಐದಕ್ಕೆ ಮೂರರ ಬಾರ್‌ನ ಪಕ್ಕ ಕನ್ನಡದಲ್ಲಿ ಹೀಗೆ ಬರೆದಿಟ್ಟಿದ್ದೇನೆ: ‘ಎಡಗೈಯ ಎಳೆ ಇಲ್ಲಿ ರಾಗಧಾರೆ. ಅದನ್ನು ಸರಿಸಿಲ್ಲ, ಮೇಲಿನ ಐದೂ ಸ್ವರಗಳನ್ನು ಸಮವಾಗಿ ಅಗಲಿಸಿದೆ.’